ಮಗಳು ಕೃಷಿ ವಿಜ್ಞಾನಿಯಾಗಬೇಕೆ? ಹದಿನಾಲ್ಕು ವರ್ಷದ ಲೆಕ್ಕ ಈಗಲೇ ಹಾಕಿ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಅರಳಿಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಮುಂದೆ ಏನು ಓದಿಸುತ್ತೀರಿ?" ಬರುವ ಉತ್ತರವೂ ಹೆಚ್ಚು ಕಡಿಮೆ ಒಂದೇ: "ನೋಡೋಣ, ಎಲ್ಲಿ ಸೀಟು ಸಿಗುತ್ತದೋ ಅಲ್ಲಿಗೆ ಹಾಕೋಣ."

ರಾಗಿ ಬಿತ್ತುವಾಗ ನೀವು ಈ ಮಾತು ಆಡುವುದಿಲ್ಲ. ತೆನೆ ಕೊಯ್ಯುವ ಹೊತ್ತಿಗೆ ಮಳೆ ಹಿಡಿಯಬಾರದು ಎಂದು ಮೊದಲೇ ಯೋಚಿಸುತ್ತೀರಿ. ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ ಬಿತ್ತನೆಯ ವಾರ ಗೊತ್ತು ಮಾಡುತ್ತೀರಿ. ಮಳೆ ತಡವಾದರೆ ಅಲ್ಪಾವಧಿ ತಳಿ ಹುಡುಕುತ್ತೀರಿ. ನಾಲ್ಕು ತಿಂಗಳ ಬೆಳೆಗೆ ಇಷ್ಟು ಲೆಕ್ಕ ಹಾಕುವವರು ಮಕ್ಕಳ ಉದ್ಯೋಗದ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಸೀಟಿನ ಮೇಲೆ ಬಿಡುವುದೇಕೆ? ಮಗ ಅಥವಾ ಮಗಳು ಇಂಥ ಕೆಲಸಕ್ಕೇ ಹೋಗಬೇಕೆಂದು ಆಸೆ ಪಟ್ಟರೆ, ಆ ಕೆಲಸದಿಂದ ಹಿಂದಕ್ಕೆ ಎಣಿಸುತ್ತಾ ಇಂದಿನ ದಿನಕ್ಕೆ ಬರಬೇಕು. ಹಾಗೆ ಎಣಿಸಿದಾಗ ಕೆಲವು ಗಡುವುಗಳು ಈಗಾಗಲೇ ಹತ್ತಿರ ಬಂದಿರುವುದು ಕಾಣುತ್ತದೆ.

ಉದಾಹರಣೆಗೆ ಕೃಷಿ ವಿಜ್ಞಾನಿಯ ಕೆಲಸವನ್ನೇ ತೆಗೆದುಕೊಳ್ಳೋಣ. ನಮ್ಮ ಪುಟಕ್ಕೆ ಇದು ಹತ್ತಿರದ ವಿಷಯ. ಹೊಲದಲ್ಲಿ ಬೆಳೆದ ಮಕ್ಕಳಿಗೆ ಪೇಟೆಯ ಮಕ್ಕಳಿಗಿಲ್ಲದ ಅನುಕೂಲ ಈ ದಾರಿಯಲ್ಲಿ ನಿಜವಾಗಿಯೂ ಇದೆ.

ಮೊದಲು ಕೆಲಸವನ್ನು ತಿಳಿಯಿರಿ

ಹೊಸ ತಳಿಯ ಬೀಜ ನಿಮ್ಮ ಹೊಲಕ್ಕೆ ಹೇಗೆ ಬರುತ್ತದೆ ಗೊತ್ತೆ? ಎರಡು ತಳಿಗಳನ್ನು ಸಂಕರ ಮಾಡಿ, ಬಂದ ಸಾವಿರಾರು ಗಿಡಗಳಲ್ಲಿ ಒಳ್ಳೆಯದನ್ನು ಆರಿಸಬೇಕು. ಅದರ ಬೀಜ ಬಿತ್ತಿ ಮತ್ತೆ ಆರಿಸಬೇಕು. ಹೀಗೆ ಐದಾರು ತಲೆಮಾರು ಕಳೆದ ಮೇಲೆ ಗುಣ ಸ್ಥಿರವಾಗುತ್ತದೆ. ಆಮೇಲೆ ಸಂಶೋಧನಾ ಕೇಂದ್ರದಲ್ಲಿ, ಬೇರೆ ಬೇರೆ ಜಿಲ್ಲೆಗಳಲ್ಲಿ, ಕೊನೆಗೆ ರೈತರ ಹೊಲಗಳಲ್ಲಿ ಪರೀಕ್ಷೆ. ಒಂದು ತಳಿಗೆ ಎಂಟು ಹತ್ತು ವರ್ಷ ಹಿಡಿಯುವುದು ಸಾಮಾನ್ಯ.

ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರ ಹೆಸರನ್ನು ಹಳಬರು ಬಲ್ಲರು. 'ರಾಗಿ ಲಕ್ಷ್ಮಣಯ್ಯ' ಎಂದೇ ಜನ ಕರೆದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದು. ಅದನ್ನು ಸಂಕರ ಮಾಡುವುದೆಂದರೆ ಕಣ್ಣಿಗೂ ಬೆರಳಿಗೂ ತಾಳ್ಮೆಗೂ ಪರೀಕ್ಷೆ. ಅವರು ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಆಮೇಲೆ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ಸರಣಿಯನ್ನು ಕೊಟ್ಟರು. ಇಂಡಿಯ ಮತ್ತು ಆಫ್ರಿಕ, ಎರಡೂ ಸೇರಿ ಆ ಹೆಸರು. ಒಬ್ಬ ಮನುಷ್ಯನ ದುಡಿಮೆಯ ಆಯುಷ್ಯವೆಲ್ಲ ಒಂದೇ ಧಾನ್ಯಕ್ಕೆ ಸಂದಿತು.

ನಿಮ್ಮ ಮಗು ಇಂಥ ಕೆಲಸ ಬಯಸುತ್ತದೆಯೇ? ಕೇಳಿ ನೋಡಿ. 'ವಿಜ್ಞಾನಿ' ಎಂಬ ಪದ ಕೇಳಲು ಚೆನ್ನಾಗಿದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ತಾಕುಗಳ ನಡುವೆ ನಿಂತು ಅಳೆದು ಬರೆಯುವ ಕೆಲಸ ಎಲ್ಲರಿಗೂ ಒಗ್ಗುವುದಿಲ್ಲ. ಆಸೆ ತಂದೆಯದೋ ಮಗುವಿನದೋ ಎಂಬುದು ಮೊದಲೇ ತೀರ್ಮಾನವಾಗಬೇಕು. ತಂದೆಯ ಆಸೆಯನ್ನು ಹೊತ್ತು ಹೊರಟ ಹುಡುಗ ಸಾಮಾನ್ಯವಾಗಿ ಎರಡನೇ ಪಿಯುಸಿಯಲ್ಲೇ ಸೋಲುತ್ತಾನೆ.

ಹದಿನಾಲ್ಕು ವರ್ಷ ಹೇಗೆ?

ಎಸ್ಸೆಸ್ಸೆಲ್ಸಿ ಮುಗಿದಾಗ ಮಗುವಿಗೆ 16 ವರ್ಷ ಎಂದುಕೊಳ್ಳಿ. ಪಿಯುಸಿ ಎರಡು ವರ್ಷ. ಕೃಷಿ ಬಿ.ಎಸ್ಸಿ. ನಾಲ್ಕು ವರ್ಷ. ಎಂ.ಎಸ್ಸಿ. ಎರಡು ವರ್ಷ. ಪಿಎಚ್.ಡಿ. ಕಾಗದದ ಮೇಲೆ ಮೂರು ವರ್ಷ, ನಡೆಯುವುದು ನಾಲ್ಕು. ಆ ಹೊತ್ತಿಗೆ 28. ಹುದ್ದೆಗೆ ಅರ್ಜಿ ಕರೆಯುವುದು, ಪರೀಕ್ಷೆ, ಸಂದರ್ಶನ, ಕಾಯುವಿಕೆ ಎಂದು ಇನ್ನೆರಡು ವರ್ಷ ಸೇರಿಸಿದರೆ 30. ಈಗ 45 ವರ್ಷದ ತಂದೆಗೆ ಆಗ 59. ಈ ಲೆಕ್ಕ ಮನೆಯಲ್ಲಿ ಎಲ್ಲರ ಎದುರಿಗೆ ಒಮ್ಮೆ ಆಗಲಿ. ಮೂರನೇ ವರ್ಷಕ್ಕೇ "ಇನ್ನೂ ಎಷ್ಟು ದಿನ ಓದು?" ಎಂಬ ಮಾತು ಎದ್ದರೆ ಮಗುವಿನ ಕೈಕಾಲು ಸೋಲುತ್ತವೆ.

ದೊಡ್ಡವರಿಗೂ ಕಾಲ ಹಿಡಿದಿದೆ. ಟಿ. ನರಸೀಪುರ ತಾಲ್ಲೂಕಿನ ಮಾರಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಎಂ.ಎಚ್. ಮರಿಗೌಡರು ಲಖನೌಗೆ ಹೋಗಿ ಸಸ್ಯಶಾಸ್ತ್ರ ಓದಿದರು. ಲಾಲ್‌ಬಾಗ್‌ನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್. 1951ರಲ್ಲಿ ಲಾಲ್‌ಬಾಗ್‌ನ ಚುಕ್ಕಾಣಿ ಹಿಡಿದಾಗ ವಯಸ್ಸು 35ರ ಹತ್ತಿರ. ನಡುವೆ ಅವರು ಸುಮ್ಮನೆ ಕೂರಲಿಲ್ಲ, ಕೆಲಸದಲ್ಲಿದ್ದುಕೊಂಡೇ ಮುಂದಿನ ಮೆಟ್ಟಿಲು ಹತ್ತಿದರು. ಮುಂದೆ 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದದ್ದು, ಜಿಲ್ಲೆ ಜಿಲ್ಲೆಯಲ್ಲಿ ನರ್ಸರಿಗಳು ಎದ್ದದ್ದು ಅವರ ಕಾಲದಲ್ಲಿ.

ಕೈತಪ್ಪುವುದು ಇಲ್ಲಿಯೇ

ಹಿಂದಕ್ಕೆ ಎಣಿಸುವುದರ ಲಾಭ ಕೃಷಿ ಕಾಲೇಜಿನ ಬಾಗಿಲಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕೇಳುವ ಕೆಲವು ಸಂಗತಿಗಳು ಒಂದನೇ ತರಗತಿಯಿಂದಲೇ ತೀರ್ಮಾನವಾಗಿರುತ್ತವೆ.

ಸಿ.ಇ.ಟಿ. ಮೂಲಕ ಸಿಗುವ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15ರ ಮೀಸಲಾತಿ ಇದೆ. ಆದರೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಏಳನೇ ತರಗತಿವರೆಗೆ ಊರಲ್ಲಿ ಓದಿಸಿ, "ಹೈಸ್ಕೂಲಿಗೆ ಪಟ್ಟಣವೇ ಮೇಲು" ಎಂದು ತಾಲ್ಲೂಕು ಕೇಂದ್ರಕ್ಕೆ ಕಳಿಸಿದಿರೋ, ಆ ಹಕ್ಕು ಹೋಯಿತು. ಅದೇ ರೀತಿ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಪಟ್ಟಣದ ಶಾಲೆ ಕೆಟ್ಟದ್ದೆಂದು ಹೇಳುತ್ತಿಲ್ಲ. ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ ಮೀಸಲಾತಿ ಇಟ್ಟುಕೊಂಡು ಏನು ಪ್ರಯೋಜನ? ಎರಡನ್ನೂ ತೂಗಿ ನೋಡಿ ತೀರ್ಮಾನಿಸಿ. ಗೊತ್ತಿಲ್ಲದೆ ಕಳೆದುಕೊಳ್ಳಬೇಡಿ ಎಂಬುದಷ್ಟೇ ಮಾತು.

ಇನ್ನು ಕೃಷಿಕರ ಕೋಟಾ. ಕೃಷಿ ಕೋರ್ಸುಗಳ ಸೀಟುಗಳಲ್ಲಿ ರೈತರ ಮಕ್ಕಳಿಗೆ ಮೊದಲು ಶೇ. 40 ಇದ್ದದ್ದನ್ನು 2021ರಲ್ಲಿ ಶೇ. 50ಕ್ಕೆ ಏರಿಸಲಾಯಿತು. ಈ ಬಾಗಿಲಿನಿಂದ ಹೋಗುವವರಿಗೆ ಸಿ.ಇ.ಟಿ. ಜೊತೆಗೆ ಕೃಷಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಅಂತಿಮ ಪಟ್ಟಿಯಲ್ಲಿ ಅದರ ಅಂಕಕ್ಕೆ ದೊಡ್ಡ ತೂಕ. ಬೀಜ, ಬೆಳೆ, ಕಳೆ, ಗೊಬ್ಬರ, ಸಲಕರಣೆ ಮುಂತಾದವನ್ನು ಗುರುತಿಸಬೇಕು. ಹುಚ್ಚೆಳ್ಳು ಯಾವುದು, ಕುಸುಬೆ ಯಾವುದು? ನವಣೆಗೂ ಸಾಮೆಗೂ ಏನು ವ್ಯತ್ಯಾಸ? ಯೂರಿಯ ಯಾವುದು, ಡಿ.ಎ.ಪಿ. ಯಾವುದು? ಗರಿಕೆ ಯಾವುದು, ಜೇಕು ಯಾವುದು? ಕೂರಿಗೆಯಿಂದ ಏನು ಕೆಲಸ, ಎಡೆಕುಂಟೆಯಿಂದ ಏನು ಕೆಲಸ?

"ನಮ್ಮ ಮಕ್ಕಳಿಗೆ ಇದನ್ನೂ ಹೇಳಿಕೊಡಬೇಕೆ?" ಎಂದು ನಗಬೇಡಿ. ಹೈಸ್ಕೂಲಿನಿಂದ ಹಾಸ್ಟೆಲಿನಲ್ಲಿದ್ದು, ರಜೆಯಲ್ಲಿ ಟ್ಯೂಷನ್ನಿಗೆ ಹೋಗಿ, ಹೊಲಕ್ಕೆ ಕಾಲಿಡದ ರೈತರ ಮಕ್ಕಳು ಈಗ ಊರೂರಲ್ಲಿ ಇದ್ದಾರೆ. "ನೀನು ಓದಿಕೋ, ಹೊಲದ ಕಡೆ ಬರಬೇಡ" ಎಂದು ನಾವೇ ಅಕ್ಕರೆಯಿಂದ ದೂರ ಇಟ್ಟಿದ್ದೇವೆ. ಕೃಷಿ ಕಾಲೇಜಿಗೆ ಹೋಗಬೇಕಾದ ಮಗುವಿನ ಮಟ್ಟಿಗೆ ಅದು ನಷ್ಟ. ಬಿತ್ತನೆಯ ವಾರ ಎರಡು ದಿನ, ಕಳೆ ತೆಗೆಯುವಾಗ ಎರಡು ದಿನ, ಕಣದ ಕಾಲದಲ್ಲಿ ಎರಡು ದಿನ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಊರಲ್ಲಿ ಬೆಳೆಯದ ಬೆಳೆಗಳ ಬೀಜಗಳನ್ನು ಸಂತೆಯಿಂದ ತಂದು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹೆಸರು ಬರೆದಿಡಿ. ಬಯಲುಸೀಮೆಯ ಹುಡುಗಿಗೆ ಏಲಕ್ಕಿ ಗಿಡ ಗೊತ್ತಿರುವುದಿಲ್ಲ, ಮಲೆನಾಡಿನ ಹುಡುಗನಿಗೆ ಕಡಲೆಗಿಡ ಗೊತ್ತಿರುವುದಿಲ್ಲ.

ಕಾಗದಪತ್ರ ಮತ್ತೊಂದು ತೊಡಕು. ಕೃಷಿಕ ಕುಟುಂಬವೆಂದು ತಹಶೀಲ್ದಾರರ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬಿ.ಇ.ಓ. ಮೇಲು ರುಜು ಮಾಡಿದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ, ಇವೆಲ್ಲ ಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ? ಪೌತಿ ಖಾತೆ ಮಾಡಿಸಲು ಅಣ್ಣತಮ್ಮಂದಿರೆಲ್ಲ ಒಪ್ಪಬೇಕು. ಅದು ಸೀಟು ಹಂಚುವ ವಾರದಲ್ಲಿ ಆಗುವ ಕೆಲಸವಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೂ ಇದೇ ಪಾಡು. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಇದನ್ನೆಲ್ಲ ಸರಿಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಹೆಸರು ತಿದ್ದಿಸುವ ಅಲೆದಾಟ ಅನುಭವಿಸಿದವರಿಗೇ ಗೊತ್ತು.

ಪಿಯುಸಿಯಲ್ಲಿ ವಿಜ್ಞಾನ ಆರಿಸುವುದು ಅನಿವಾರ್ಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆಗೆ ಗಣಿತವೂ ಇರಲಿ, ದಾರಿ ಅಗಲವಾಗುತ್ತದೆ. ಸ್ನೇಹಿತ ಸೇರಿದನೆಂದು ಕಾಮರ್ಸ್ ಸೇರಿದ ಹುಡುಗ ಎರಡು ವರ್ಷದ ಮೇಲೆ ಕೃಷಿ ಕಾಲೇಜು ಬೇಕೆಂದರೆ ಬಾಗಿಲು ಮುಚ್ಚಿರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಮೊದಲ ಪಿಯುಸಿಯ ಮೊದಲ ಮೂರು ತಿಂಗಳಲ್ಲಿ ಇಂಗ್ಲಿಷಿಗೆ ಹೆದರಿ ಕುಗ್ಗುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಂತರದ ಬೇಸಿಗೆಯಲ್ಲಿ ವಿಜ್ಞಾನದ ಇಂಗ್ಲಿಷ್ ಪದಗಳನ್ನು ದಿನಕ್ಕೆ ಹತ್ತರಂತೆ ಕಲಿತರೆ ಆ ಹೆದರಿಕೆ ಬಹುಮಟ್ಟಿಗೆ ಕಳೆಯುತ್ತದೆ.

ತೆಂಗಿನ ನಡುವೆ ನಡುಬೆಳೆ

ಎತ್ತರದ ತಳಿಯ ತೆಂಗು ನೆಟ್ಟವರು ಕಾಯಿಗಾಗಿ ಆರೇಳು ವರ್ಷ ಕಾಯುತ್ತಾರೆ. ಅಷ್ಟರಲ್ಲಿ ನಡುವೆ ಬಾಳೆಯನ್ನೋ ತರಕಾರಿಯನ್ನೋ ಬೆಳೆಯುತ್ತಾರೆ. ಹದಿನಾಲ್ಕು ವರ್ಷದ ದಾರಿಗೂ ನಡುಬೆಳೆ ಬೇಕು. ವಿಜ್ಞಾನಿಯ ಹುದ್ದೆ ಸಿಗುವವರೆಗೆ ಯಾವ ಯಾವ ಮೆಟ್ಟಿಲಿನಲ್ಲಿ ನಿಂತು ಸಂಪಾದಿಸಬಹುದು ಎಂಬುದು ಮೊದಲೇ ಗೊತ್ತಿರಲಿ.

ಬಿ.ಎಸ್ಸಿ. ಮುಗಿದೊಡನೆ ಕೃಷಿ ಇಲಾಖೆಯ ಹುದ್ದೆಗಳಿವೆ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕಾಣುವ ಅಧಿಕಾರಿಗಳು ಹೀಗೆ ಬಂದವರು. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗವು 128 ಕೃಷಿ ಅಧಿಕಾರಿ ಮತ್ತು 817 ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಸಂಖ್ಯೆ ನೋಡಿ ಹಿಗ್ಗಬೇಡಿ. ಇಂಥ ಪ್ರಕಟಣೆ ವರ್ಷ ವರ್ಷ ಬರುವುದಿಲ್ಲ. ಬಂದಾಗ ಹಲವು ವರ್ಷಗಳಿಂದ ಕಾದು ಕೂತವರೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಆದ್ದರಿಂದ ಹುದ್ದೆಗೆಂದೇ ಓದು ನಿಲ್ಲಿಸಿ ಕಾಯುವುದು ಸಲ್ಲದು. ಎಂ.ಎಸ್ಸಿ. ಓದುತ್ತಲೇ ಆ ಪರೀಕ್ಷೆ ಬರೆಯಬಹುದು. ಕಡ್ಡಾಯ ಕನ್ನಡ ಪರೀಕ್ಷೆಯೂ ಇರುತ್ತದೆ, ಹಳ್ಳಿಯ ಮಕ್ಕಳಿಗೆ ಅದು ಹೊರೆಯಲ್ಲ.

ಬೀಜ ಮತ್ತು ಗೊಬ್ಬರ ಕಂಪನಿಗಳು, ಬ್ಯಾಂಕುಗಳ ಕೃಷಿ ವಿಭಾಗಗಳು ಪದವೀಧರರನ್ನು ತೆಗೆದುಕೊಳ್ಳುತ್ತವೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಎಂ.ಎಸ್ಸಿ. ಆದವರಿಗೆ ವಿಷಯ ತಜ್ಞರ ಹುದ್ದೆಗಳಿವೆ. ಸ್ವಂತ ಕಾಲ ಮೇಲೆ ನಿಲ್ಲಬೇಕೆನ್ನುವ ಪದವೀಧರರಿಗೆ ಕೇಂದ್ರ ಸರ್ಕಾರ 2002ರಲ್ಲಿ ಆರಂಭಿಸಿದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯಾಪಾರ ಕೇಂದ್ರಗಳ ಯೋಜನೆಯಲ್ಲಿ ತರಬೇತಿ ಮತ್ತು ಸಾಲ ಇದೆ.

ಮುಂದಿನ ಓದಿಗೆ ವಿಷಯ ಆರಿಸುವಾಗ ಎಚ್ಚರ ಬೇಕು. ತಳಿ ಅಭಿವೃದ್ಧಿ, ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ಕೀಟಶಾಸ್ತ್ರ, ಸಸ್ಯರೋಗ ಶಾಸ್ತ್ರ ಹೀಗೆ ಕವಲುಗಳಿವೆ. ಒಮ್ಮೆ ಒಂದು ಕವಲು ಹಿಡಿದರೆ ಮುಂದಿನ ಹುದ್ದೆಗಳೆಲ್ಲ ಹೆಚ್ಚಾಗಿ ಅದರಲ್ಲೇ. ಬಿ.ಎಸ್ಸಿ. ಮೂರನೇ ವರ್ಷಕ್ಕೆ ಮನಸ್ಸು ಗಟ್ಟಿಯಾಗಿರಬೇಕು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಅಖಿಲ ಭಾರತ ಪರೀಕ್ಷೆ ಬರೆದರೆ ಬೇರೆ ರಾಜ್ಯಗಳ ವಿಶ್ವವಿದ್ಯಾಲಯಗಳಿಗೂ ದೆಹಲಿಯ ಪೂಸಾ ಸಂಸ್ಥೆಗೂ ಹೋಗಬಹುದು, ಮೇಲಿನ ಸ್ಥಾನ ಪಡೆದವರಿಗೆ ಶಿಷ್ಯವೇತನವೂ ಉಂಟು. ಅಂದಹಾಗೆ ಪೂಸಾ ಎಂಬುದು ಬಿಹಾರದ ಒಂದು ಊರು. 1934ರ ಭೂಕಂಪದಲ್ಲಿ ಅಲ್ಲಿನ ಕಟ್ಟಡ ಹಾಳಾಗಿ, ಸಂಸ್ಥೆ 1936ರಲ್ಲಿ ದೆಹಲಿಗೆ ಬಂದಾಗ ಊರಿನ ಹೆಸರೂ ಜೊತೆಗೇ ಬಂತು.

ಬಿ.ಎಸ್ಸಿ. ಸೀಟು ಸಿಗದಿದ್ದರೆ? ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕೃಷಿ ವಿಶ್ವವಿದ್ಯಾಲಯಗಳೇ ಅದನ್ನು ಕನ್ನಡದಲ್ಲಿ ನಡೆಸುತ್ತಾ ಬಂದಿವೆ. ನರ್ಸರಿ, ತೋಟ, ಗೊಬ್ಬರದ ಅಂಗಡಿ ಮುಂತಾದ ಕೆಲಸಕ್ಕೆ ಅದು ಒಳ್ಳೆಯ ಅಡಿಪಾಯ. ಅದರಿಂದ ವಿಜ್ಞಾನಿಯ ಹುದ್ದೆಗೆ ದಾರಿ ಸುತ್ತುಬಳಸಿನದು ಎಂಬುದನ್ನು ಮಾತ್ರ ತಿಳಿದೇ ಸೇರಿಸಿ. ಜೀವಶಾಸ್ತ್ರದ ಸಾಮಾನ್ಯ ಬಿ.ಎಸ್ಸಿ. ಓದಿ ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನದ ಕಡೆಯಿಂದ ಸಂಶೋಧನೆಗೆ ಬಂದವರೂ ಇದ್ದಾರೆ. ಮರಿಗೌಡರು ಓದಿದ್ದೂ ಸಸ್ಯಶಾಸ್ತ್ರವೇ ತಾನೆ.

ಹಣದ ಮಾತು

ಸರ್ಕಾರಿ ಸೀಟಿನಲ್ಲಿ ಶುಲ್ಕಕ್ಕಿಂತ ಹಾಸ್ಟೆಲು ಮತ್ತು ಊಟದ ಖರ್ಚು ದೊಡ್ಡದು. ಇಲ್ಲಿ ಜಮೀನು ಮಾರುವ ಪ್ರಸಂಗ ಬರಬಾರದು. ಬರುವುದು ಎಲ್ಲಿ ಎಂದರೆ ಸೀಟು ಸಿಗದೆ, ಹೊರ ರಾಜ್ಯದ ಯಾವುದೋ ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟುವಾಗ. ಕಟ್ಟುವ ಮೊದಲು ಆ ಕಾಲೇಜಿಗೆ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಾನ್ಯತೆ ಇದೆಯೇ ಎಂದು ನಿಮ್ಮ ಹತ್ತಿರದ ಕೃಷಿ ಕಾಲೇಜಿನಲ್ಲಿ ವಿಚಾರಿಸಿ. ಮಾನ್ಯತೆ ಇಲ್ಲದ ಪದವಿ ಮುಂದಿನ ಓದಿಗೂ ಹುದ್ದೆಗೂ ಅಡ್ಡಗಾಲು. ಒಂದು ಎಕರೆ ಮಾರಿ ಅಂಥ ಪದವಿ ಕೊಂಡರೆ ಎಕರೆಯೂ ಹೋಯಿತು, ನಾಲ್ಕು ವರ್ಷವೂ ಹೋಯಿತು. "ಹಣ ಕೊಟ್ಟರೆ ಹುದ್ದೆ ಮಾಡಿಸಿಕೊಡುತ್ತೇನೆ" ಎಂದು ಬರುವ ದಲ್ಲಾಳಿಯನ್ನು ಹಟ್ಟಿಯ ಒಳಗೇ ಬಿಟ್ಟುಕೊಳ್ಳಬೇಡಿ.

ರೈತರ ಮಕ್ಕಳಿಗೆಂದು 2021ರಲ್ಲಿ ರಾಜ್ಯದಲ್ಲಿ ರೈತ ವಿದ್ಯಾನಿಧಿ ಆರಂಭವಾಯಿತು. ಆಗ ಪಿಯುಸಿ ಓದುವ ಹುಡುಗರಿಗೆ ವರ್ಷಕ್ಕೆ 2,500 ರೂ., ಹುಡುಗಿಯರಿಗೆ 3,000 ರೂ. ಎಂದು ನಿಗದಿಯಾಗಿತ್ತು. ದೊಡ್ಡ ಮೊತ್ತವೇನಲ್ಲ, ಪುಸ್ತಕಕ್ಕೆ ಆಯಿತು. ಬ್ಯಾಂಕಿನ ವಿದ್ಯಾಸಾಲ 4 ಲಕ್ಷ ರೂ. ವರೆಗೆ ಜಮೀನು ಅಡವಿಡದೆ ಸಿಗಬೇಕು. ಬ್ಯಾಂಕಿನವರು ಪಹಣಿ ಕೇಳಿದರೆ ಯಾವ ನಿಯಮದ ಮೇಲೆ ಎಂದು ವಿನಯವಾಗಿಯೇ ಕೇಳಿ. ಈ ಸಾಲವನ್ನು ಬೆಳೆ ಸಾಲದ ಜೊತೆ ಬೆರೆಸಬೇಡಿ. ಮಳೆ ಕೈಕೊಟ್ಟ ವರ್ಷ ಎರಡೂ ಒಟ್ಟಿಗೆ ಕುತ್ತಿಗೆಗೆ ಬರುತ್ತವೆ.

ತಲೆಬರಹದಲ್ಲಿ ಮಗಳು ಎಂದು ಬರೆದದ್ದಕ್ಕೆ ಕಾರಣವಿದೆ. ಇಂದು ಕೃಷಿ ಕಾಲೇಜಿನ ಯಾವ ತರಗತಿಗೆ ಹೋದರೂ ಹೆಣ್ಣುಮಕ್ಕಳು ತುಂಬಿರುತ್ತಾರೆ. ಚಿನ್ನದ ಪದಕಗಳನ್ನೂ ಅವರು ಬಾಚುತ್ತಾರೆ. ದಾರಿ ತುಂಡಾಗುವುದು 22ನೇ ವಯಸ್ಸಿನಲ್ಲಿ. ಬಿ.ಎಸ್ಸಿ. ಮುಗಿಯುತ್ತಿದ್ದಂತೆ ಗಂಡು ನೋಡಲು ಶುರು. ಹದಿನಾಲ್ಕು ವರ್ಷದ ಲೆಕ್ಕ ಹಾಕಿ ಆರನೇ ವರ್ಷಕ್ಕೆ ಕಡಿದರೆ ಅದು ಲೆಕ್ಕವೇ ಅಲ್ಲ. ಮದುವೆ ಬೇಡವೆನ್ನುತ್ತಿಲ್ಲ. ಬೀಗರ ಮನೆಯವರೊಂದಿಗೆ ಓದು ಮುಂದುವರಿಯುವ ಮಾತು ನಿಶ್ಚಿತಾರ್ಥಕ್ಕೆ ಮೊದಲೇ, ಹಿರಿಯರ ಎದುರಿಗೆ ಆಗಲಿ. ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಮಗಳ ಹೆಸರಿನಲ್ಲಿ ಎಂ.ಎಸ್ಸಿ.ಗೆಂದು ಬೇರೆ ಇಡುವುದು ಇನ್ನೂ ಒಳ್ಳೆಯದು.

ಈ ವರ್ಷ ಮಾಡಬೇಕಾದದ್ದು

ಸಿ.ಇ.ಟಿ. ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ, ಪರೀಕ್ಷೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಅರ್ಜಿ ತುಂಬುವಾಗ ಕೃಷಿಕರ ಕೋಟಾದ ಕಲಂ ಬಿಟ್ಟುಹೋಗದಂತೆ ನೀವೇ ಪಕ್ಕದಲ್ಲಿ ನಿಂತು ನೋಡಿ. ಸೈಬರ್ ಅಂಗಡಿಯವನಿಗೆ ಆ ಕಲಂನ ಬೆಲೆ ಗೊತ್ತಿರುವುದಿಲ್ಲ. ನಿಯಮಗಳು ವರ್ಷ ವರ್ಷ ಅಲ್ಪಸ್ವಲ್ಪ ಬದಲಾಗುತ್ತವೆ. ಆ ಸಾಲಿನ ಕೈಪಿಡಿಯನ್ನು ವಾಚನಾಲಯಕ್ಕೆ ಒಂದು ಪ್ರತಿ ತರಿಸಿಟ್ಟರೆ ಇಡೀ ಊರಿಗೆ ಉಪಯೋಗ.

ಮಗುವನ್ನು ಕೃಷಿ ಮೇಳಕ್ಕೆ ಕರೆದುಕೊಂಡು ಹೋಗಿ. ಧಾರವಾಡದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ನವೆಂಬರಿನಲ್ಲಿ ನಡೆಯುತ್ತದೆ. ಮಳಿಗೆಗಳಲ್ಲಿ ಸಮಯ ಕಳೆಯದೆ ಪ್ರಾತ್ಯಕ್ಷಿಕೆಯ ತಾಕುಗಳಿಗೆ ಹೋಗಿ. ಅಲ್ಲಿ ನಿಂತಿರುವ ವಿಜ್ಞಾನಿಗಳನ್ನು ಮಗುವೇ ಪ್ರಶ್ನೆ ಕೇಳಲಿ.

ಕೃಷಿ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು 'ರಾವೆ' ಕಾರ್ಯಕ್ರಮದಲ್ಲಿ ಹಳ್ಳಿಗಳಿಗೆ ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರಲ್ಲಿ ಹಲವರು ನಿಮ್ಮಂಥವರ ಮಕ್ಕಳೇ. ನಾಲ್ಕು ವರ್ಷದ ಹಿಂದೆ ಸೀಟು ಹೇಗೆ ಸಿಕ್ಕಿತು, ಇಂಗ್ಲಿಷನ್ನು ಹೇಗೆ ಗೆದ್ದರು, ತಿಂಗಳಿಗೆ ಖರ್ಚು ಎಷ್ಟು ಬರುತ್ತದೆ, ಮುಂದೆ ಯಾವ ವಿಷಯಕ್ಕೆ ಹೋಗುತ್ತಾರೆ ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರು ಸಿಗುವುದಿಲ್ಲ. ನಿಮ್ಮ ಊರಿಗೋ ಪಕ್ಕದ ಊರಿಗೋ ಅವರು ಬಂದರೆ ಒಂದು ಸಂಜೆ ಮನೆಗೆ ಊಟಕ್ಕೆ ಕರೆಯಿರಿ, ಮಗುವನ್ನು ಜೊತೆಗೆ ಕೂರಿಸಿ ಮಾತನಾಡಿಸಿ.